ಬೇಕಲಕ್ಕೆ ಹೋಗುವುದಾದರೆ ಚಂದ್ರಗಿರಿ ದಾರಿಯ ಬಸ್ಸು ಹಿಡಿಯಿರಿ

ಕಾಸರಗೋಡಿನಿಂದ ಕಾಞಂಗಾಡಿಗೆ, ಅಂದರೆ ಹಳಬರ ಬಾಯಲ್ಲಿ ಇನ್ನೂ ಹೊಸದುರ್ಗವೇ ಆಗಿರುವ ಊರಿಗೆ, ಬಸ್ಸುಗಳು ಎರಡು ದಾರಿಯಲ್ಲಿ ಓಡುತ್ತವೆ. ಒಂದು ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ, ಪೆರಿಯ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು ಚಂದ್ರಗಿರಿ ಹೊಳೆಯ ಸೇತುವೆ ದಾಟಿ ಚೆಮ್ನಾಡು, ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು ಎಂದು ಕಡಲಿಗೆ ಹತ್ತಿರವಾಗಿಯೇ ತೆಂಕಿಗೆ ಸಾಗುವ ರಸ್ತೆ. ಬೇಕಲ ಕೋಟೆ ಇರುವುದು ಈ ಎರಡನೆಯ ದಾರಿಯಲ್ಲಿ. ಬೋರ್ಡಿನಲ್ಲಿ ಕಾಞಂಗಾಡು ಎಂಬುದನ್ನಷ್ಟೇ ಓದಿ ಹತ್ತಿದವರು ಅರ್ಧ ಗಂಟೆ ಕಳೆದರೂ ಕಡಲು ಕಾಣದೆ, ಗುಡ್ಡ ಮತ್ತು ಗೇರುತೋಟಗಳ ನಡುವೆ ಕುಳಿತು ಕಂಡಕ್ಟರನ್ನು ವಿಚಾರಿಸುವ ದೃಶ್ಯ ಇಲ್ಲಿ ದಿನವೂ ಕಾಣಸಿಗುತ್ತದೆ. ಹತ್ತುವ ಮೊದಲೇ "ಚಂದ್ರಗಿರಿ ವಳಿಯಾ?" ಎಂದು ಕೇಳಿಬಿಡಿ. ವಳಿ ಎಂದರೆ ಮಲಯಾಳದಲ್ಲಿ ದಾರಿ. ಕನ್ನಡದಲ್ಲಿ ಕೇಳಿದರೂ ಉತ್ತರಕ್ಕೇನೂ ತೊಂದರೆಯಿಲ್ಲ. ಕಾಸರಗೋಡು ಪೇಟೆಯಿಂದ ಕೋಟೆಗೆ ಈ ದಾರಿಯಲ್ಲಿ 16 ಕಿ.ಮೀ., ಕಾಞಂಗಾಡಿನಿಂದ 12 ಕಿ.ಮೀ.

ಮಂಗಳೂರು ಕಡೆಯಿಂದ ಕಾರಿನಲ್ಲಿ ಬರುವವರು ಮಾಡುವುದು ಸಾಮಾನ್ಯವಾಗಿ ಹೀಗೆ: ಬೆಳಿಗ್ಗೆ ನಿಧಾನವಾಗಿ ಹೊರಟು ಮಟಮಟ ಮಧ್ಯಾಹ್ನ ಬೇಕಲ ತಲುಪುತ್ತಾರೆ. ಕೋಟೆಯ ಮೇಲೆ ಅರ್ಧ ಗಂಟೆ ಬಿಸಿಲಿಗೆ ಬೆಂದು, ಬುರುಜಿನ ಮೇಲೊಂದು ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಹಾಗೆ ಬಂದುಹೋದವರಿಗೆ 40 ಎಕರೆಯ ಕೋಟೆ ಬರೀ ಹುಲ್ಲಿನ ಬಯಲಾಗಿ ಕಂಡರೆ ಆಶ್ಚರ್ಯವಿಲ್ಲ. ಒಳಗೆ ನಿಂತಿರುವ ಅರಮನೆಯಿಲ್ಲ, ಶಿಲ್ಪವಿಲ್ಲ, ಕೆತ್ತನೆಯ ಕಂಬಗಳಿಲ್ಲ. ಇಲ್ಲಿ ನೋಡಬೇಕಾದದ್ದು ಗೋಡೆಯನ್ನು. ಅದಕ್ಕೆ ಹೊತ್ತು ಬೇಕು, ಓರೆ ಬಿಸಿಲು ಬೇಕು, ಆ ಕಲ್ಲು ಎಂಥದ್ದೆಂದು ಸ್ವಲ್ಪ ಗೊತ್ತಿರಬೇಕು.

ಕಲ್ಲು ಬೇರೇನಲ್ಲ, ನಮ್ಮ ಮುರಕಲ್ಲು. ನೆಲದೊಳಗಿರುವಾಗ ಮೆತ್ತಗಿರುತ್ತದೆ, ಪಿಕ್ಕಾಸಿಗೆ ಬಗ್ಗುತ್ತದೆ. ಕಡಿದು ಹೊರಗಿಟ್ಟು ಗಾಳಿ ಬಿಸಿಲು ತಾಗಿದಂತೆ ಅದರೊಳಗಿನ ಕಬ್ಬಿಣದ ಅಂಶ ಬಿಗಿದು ಗಟ್ಟಿಯಾಗುತ್ತದೆ. ಇಟ್ಟಿಗೆಯ ಹಾಗೆ ಕಡಿದು ತೆಗೆಯಬಹುದಾದ ಈ ಕಲ್ಲಿಗೆ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆಯೇ. ಕಾಸರಗೋಡಿನ ಕೋಟೆ, ಕೆರೆ, ಗುಹೆ, ಸುರಂಗ, ಮನೆಯ ಗೋಡೆ, ತೋಟದ ಆವರಣ ಎಲ್ಲವೂ ಇದರದ್ದೇ. ಇದರ ದೌರ್ಬಲ್ಯವೂ ತಿಳಿದಿರಲಿ. ಮೈತುಂಬ ತೂತುಗಳಿರುವುದರಿಂದ ನೀರು ಕುಡಿಯುತ್ತದೆ, ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ, ನಯವಾದ ಕೆತ್ತನೆಗೆ ಒಗ್ಗುವುದಿಲ್ಲ. ಇಕ್ಕೇರಿಯ ಅಘೋರೇಶ್ವರನ ಗುಡಿಯಲ್ಲಿ ಕಲ್ಲನ್ನು ಅಷ್ಟು ಚಂದ ಕಡೆಸಿದ ಕೆಳದಿಯ ನಾಯಕರ ಕೋಟೆಗಳು ಕಡಲತೀರದಲ್ಲಿ ಯಾವ ಅಲಂಕಾರವೂ ಇಲ್ಲದೆ ನಿಂತಿರುವುದಕ್ಕೆ ಒಂದು ಕಾರಣ ಈ ಕಲ್ಲೇ.

ದಾರಿಯಲ್ಲಿ ಮೊದಲು ಸಿಗುವುದು ಚಂದ್ರಗಿರಿ ಕೋಟೆ. ಪೇಟೆಯಿಂದ ಸುಮಾರು 4 ಕಿ.ಮೀ.; ಸೇತುವೆ ದಾಟಿದ ಮೇಲೆ ಬಸ್ಸಿಳಿದು ಗುಡ್ಡ ಹತ್ತಬೇಕು. ಇದೂ ಬೇಕಲದ ಹಾಗೆ 17ನೆಯ ಶತಮಾನದ್ದು, ಕೆಳದಿಯ ಅರಸ ಶಿವಪ್ಪನಾಯಕನ ಹೆಸರಿಗೇ ಸೇರಿದ್ದು. ಚೌಕಾಕಾರ, ಸುಮಾರು 7 ಎಕರೆ. ಒಳಗೆ ನೋಡಲು ಹೆಚ್ಚೇನೂ ಇಲ್ಲ, ಅರ್ಧ ಗಂಟೆ ಧಾರಾಳ ಸಾಕು. ಆದರೂ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಪಡುಗೋಡೆಯ ಮೇಲಿಂದ ಹೊಳೆ ಕಡಲು ಸೇರುವ ಜಾಗ ಇಡಿಯಾಗಿ ಕಾಣುತ್ತದೆ. ಕೋಟೆಯನ್ನು ಇಲ್ಲೇ ಏಕೆ ಕಟ್ಟಿದರೆಂದು ಯಾರೂ ವಿವರಿಸಬೇಕಾಗಿಲ್ಲ. ಒಳನಾಡಿನಿಂದ ದೋಣಿಯಲ್ಲಿ ಬರುವ ಸರಕೂ, ಕಡಲಿನಿಂದ ಒಳಬರುವ ಹಡಗೂ ಈ ಕಣ್ಣು ತಪ್ಪಿಸಿ ಹೋಗಲಾರವು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಈ ಹೊಳೆ ಸುಳ್ಯದವರಿಗೆ ಪಯಸ್ವಿನಿ, ಇಲ್ಲಿಗೆ ಬರುವಾಗ ಚಂದ್ರಗಿರಿ. ಹಿಂದಿನಿಂದಲೂ ತುಳುನಾಡಿನ ತೆಂಕಣ ಗಡಿ ಎಂದರೆ ಇದೇ. ಬಡಗು ದಡದಲ್ಲಿ ಭೂತಕೋಲ, ನೇಮ. ತೆಂಕು ದಡ ಏರಿದರೆ ಅದೇ ಬಗೆಯ ದೈವಾರಾಧನೆಯಾದ ತೆಯ್ಯಂ. ಎರಡೂ ದಡದಲ್ಲಿ ಎರಡನ್ನೂ ಬಲ್ಲವರಿದ್ದಾರೆ, ಆದರೆ ಮನೆಮಾತಿನ ತೂಕ ಇಲ್ಲಿಂದ ಮುಂದೆ ಮಲಯಾಳದ ಕಡೆಗೆ ವಾಲುವುದು ಬಸ್ಸಿನಲ್ಲಿ ಕುಳಿತೇ ತಿಳಿಯುತ್ತದೆ. ಕೋಟೆಯ ಬಳಿ ಅಂಗಡಿಗಳಿಲ್ಲ. ನೀರು ಕೆಳಗಿನಿಂದಲೇ ಒಯ್ಯಬೇಕು.

ಈಗ ಬೇಕಲ. ಸುಮಾರು 1650ರಲ್ಲಿ ಇದನ್ನು ಕಟ್ಟಿಸಿದ ಶಿವಪ್ಪನಾಯಕ (ಆಳ್ವಿಕೆ 1645ರಿಂದ 1660) ಮಲೆನಾಡಿನವರಿಗೆ "ಶಿಸ್ತು" ಎಂಬ ಕಂದಾಯದ ಲೆಕ್ಕದಿಂದ ನೆನಪಿರುವವನು. ರಾಜಧಾನಿ ಘಟ್ಟದ ಮೇಲೆ ಬಿದನೂರಿನಲ್ಲಿ. ಆದಾಯದ ದೊಡ್ಡ ಪಾಲು ಅಕ್ಕಿ ಮತ್ತು ಕರಿಮೆಣಸಾಗಿ ಘಟ್ಟದ ಕೆಳಗಿನ ಬಂದರುಗಳಲ್ಲಿ. ಆ ಬಂದರುಗಳನ್ನು ಕಾಯಲು ಕುಂಬಳೆಯ ಆರಿಕ್ಕಾಡಿ, ಕಾಸರಗೋಡು, ಚಂದ್ರಗಿರಿ, ಬೇಕಲ, ಹೊಸದುರ್ಗ ಎಂದು ಕರಾವಳಿಗುಂಟ ಕೋಟೆಗಳ ಸಾಲೇ ಬೆಳೆಯಿತು. ಇವುಗಳ ಕಾವಲಿಗೆಂದು ಬಂದು ನೆಲೆಸಿದ ರಾಮಕ್ಷತ್ರಿಯರ ಮನೆತನಗಳು ಹೊಸದುರ್ಗ, ಬೇಕಲದ ಕಡೆ ಇಂದಿಗೂ ಇವೆ, ಮನೆಯಲ್ಲಿ ಇಂದಿಗೂ ಕನ್ನಡವಿದೆ. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿದ ಮೇಲೆ ಬೇಕಲವೂ ಮೈಸೂರಿನದಾಯಿತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರದಾಯಿತು. ದಕ್ಷಿಣ ಕನ್ನಡದ ತೆಂಕಣ ತಾಲೂಕಿನ ಹೆಸರೇ ಒಂದು ಕಾಲಕ್ಕೆ ಬೇಕಲ ತಾಲೂಕು. ಕಾಸರಗೋಡು ತಾಲೂಕು ಎಂಬುದು ಆಮೇಲಿನ ಮಾತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು, 1984ರ ಮೇ 24ರಂದು ಜಿಲ್ಲೆಯಾಯಿತು.

ಕೋಟೆಯ ಬಾಗಿಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ತಲುಪಬೇಕಾದದ್ದು ಆಗಲೇ, ಇಲ್ಲವಾದರೆ ಮಧ್ಯಾಹ್ನ ಮೂರೂವರೆ ಕಳೆದ ಮೇಲೆ. ಇದು ಭಾರತೀಯ ಪುರಾತತ್ವ ಇಲಾಖೆಯ ಸ್ಮಾರಕ. ಭಾರತೀಯರಿಗೆ ಟಿಕೇಟು 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬಾಗಿಲ ಬಳಿ ಮುಖ್ಯಪ್ರಾಣನ ಗುಡಿ ಇದೆ, ಹತ್ತಿರದಲ್ಲೇ ಹಳೆಯ ಮಸೀದಿ. ಒಳಗೆ ಹೋಗುವ ದಾರಿ ನೇರವಾಗಿಲ್ಲದೆ ತಿರುಗಿ ತಿರುಗಿ ಹೋಗುವುದನ್ನು ಗಮನಿಸಿ. ನುಗ್ಗಿ ಬರುವ ದಂಡು ಆ ತಿರುವಿನಲ್ಲಿ ವೇಗ ಕಳೆದುಕೊಳ್ಳುತ್ತದೆ, ಆ ಹೊತ್ತಿಗೆ ಮೇಲಿನ ಗೋಡೆಯಿಂದ ಹೊಡೆಯಲು ಅನುಕೂಲ. ಬಾಗಿಲ ಹೊರಗಿನ ಕಂದಕವೂ ಅದೇ ಲೆಕ್ಕದ್ದು. ನೆಲದ ಕಡೆಗೆ ಕಂದಕ ತೋಡಿದರು, ಉಳಿದ ಬದಿಗಳನ್ನು ಕಡಲಿಗೇ ವಹಿಸಿದರು. ಗೋಡೆಯ ಹೊರಮೈಯ ಮುಕ್ಕಾಲು ಪಾಲಿಗೆ ಕಡಲೇ ನೆರೆ.

ಒಳಬಂದವರೆಲ್ಲ ನೇರ ನಡುವಿನ ವೀಕ್ಷಣಾ ಬುರುಜಿನ ಕಡೆ ನಡೆಯುತ್ತಾರೆ, ಅದೇ ದೊಡ್ಡ ತಪ್ಪು. ಮೊದಲು ಗೋಡೆಯ ಗುಂಟ ಒಂದು ಪೂರ್ತಿ ಸುತ್ತು ಹಾಕಿ. ಬುರುಜುಗಳಲ್ಲಿ ನಿಲ್ಲುತ್ತ ಹೋದರೆ ಒಂದೂವರೆ ಗಂಟೆ ಹಿಡಿಯುತ್ತದೆ. ಸುತ್ತುವಾಗ ನೋಡಬೇಕಾದದ್ದು ಗೋಡೆಯ ಕಿಂಡಿಗಳು. ಮೇಲ್ನೋಟಕ್ಕೆ ಎಲ್ಲವೂ ಒಂದೇ ಬಗೆಯ ತೂತುಗಳಂತೆ ಕಾಣುತ್ತವೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಿದರೆ ಗುಟ್ಟು ತಿಳಿಯುತ್ತದೆ: ಮೇಲಿನ ಸಾಲಿನ ಕಿಂಡಿಯಲ್ಲಿ ಕಾಣುವುದು ದೂರದ ಗುರಿ, ಅದರ ಕೆಳಗಿನದರಲ್ಲಿ ಹತ್ತಿರ ಬಂದ ವೈರಿ, ಎಲ್ಲಕ್ಕಿಂತ ಕೆಳಗಿನದರಲ್ಲಿ ಗೋಡೆಯ ಬುಡಕ್ಕೇ ಬಂದು ನಿಂತವನು. ಕಿಂಡಿ ಕೊರೆದ ಕೋನವೇ ಬೇರೆ ಬೇರೆ. ದೂರದಿಂದ ಬುಡದವರೆಗೆ ಒಬ್ಬನೂ ಅಡಗಲು ಎಡೆ ಸಿಗದ ಹಾಗೆ ಮೂರು ಗುರಿಗಳನ್ನು ಒಂದೇ ಗೋಡೆಯಲ್ಲಿ ಹೊಂದಿಸಿದ್ದಾರೆ. ಮಕ್ಕಳನ್ನು ಕರೆದೊಯ್ದವರು ಒಬ್ಬರನ್ನು ಒಳಗೆ ಕಿಂಡಿಯ ಹತ್ತಿರ ನಿಲ್ಲಿಸಿ, ಹೊರಗಿನ ಹುಲ್ಲಿನಲ್ಲೋ ಮರಳಿನಲ್ಲೋ ಕಾಣುವ ಒಂದು ಗುರುತನ್ನು ಮೂರು ಕಿಂಡಿಗಳಲ್ಲೂ ಹುಡುಕಲು ಹೇಳಿ. ಯಾವ ಫಲಕವೂ ಕಲಿಸದಷ್ಟನ್ನು ಆ ಐದು ನಿಮಿಷ ಕಲಿಸುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕೆಂದದ್ದು ಇದಕ್ಕೇ. ನಡು ಹಗಲಲ್ಲಿ ಗೋಡೆಯ ಮೈ ಚಪ್ಪಟೆಯಾಗಿ ಕಾಣುತ್ತದೆ, ಕಿಂಡಿಗಳ ಓರೆ ತಿಳಿಯುವುದಿಲ್ಲ.

ಪಡುಬದಿಗೆ ಬಂದಾಗ ಮೆಟ್ಟಿಲಿಳಿದು ಕಡಲಿಗೆ ಚಾಚಿಕೊಂಡ ಬುರುಜಿನವರೆಗೆ ಹೋಗಬಹುದು. ಬೇಕಲದ ಹೆಚ್ಚಿನ ಚಿತ್ರಗಳಲ್ಲಿ ಕಾಣುವುದು ಇದೇ. ಇಲ್ಲಿ ಎರಡು ಮಾತು. ಗೋಡೆಯ ಅಂಚಿಗೆ ಎಲ್ಲ ಕಡೆ ಸರಳುಗಳಿಲ್ಲ, ಮುರಕಲ್ಲಿನ ಅಂಚು ಸವೆದು ಉದುರುವಂಥದ್ದು. ಹತ್ತಿ ನಿಂತು ಫೋಟೊ ತೆಗೆಸಿಕೊಳ್ಳುವುದು ಬೇಡ. ಎರಡನೆಯದು, ಬುರುಜಿನ ಕೆಳಗಿನ ಬಂಡೆಗಳ ಮೇಲೆ ಇಳಿಯಬಾರದು. ಬಂಡೆ ಒಣಗಿ ಕಂಡರೂ ಸಣ್ಣ ಅಲೆಗಳ ಬೆನ್ನಿಗೆ ಇದ್ದಕ್ಕಿದ್ದಂತೆ ಒಂದು ದೊಡ್ಡದು ಬರಬಹುದು, ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ.

ಸುತ್ತು ಮುಗಿಸಿ ಒಳಗಿನ ಕೆರೆಗೆ ಬನ್ನಿ. ಮೆಟ್ಟಿಲಿರುವ ಈ ಕೆರೆ ಕೋಟೆಯ ನಿಜವಾದ ಜೀವ. ಮೂರು ಬದಿಯಲ್ಲಿ ಉಪ್ಪುನೀರು ಇರುವ ಜಾಗದಲ್ಲಿ ಮುತ್ತಿಗೆಯನ್ನು ತಡೆದುಕೊಳ್ಳಬೇಕಾದರೆ ಸಿಹಿನೀರು ಒಳಗೇ ಇರಬೇಕು. ಮಳೆಯ ನೀರನ್ನು ಮುರಕಲ್ಲು ಹೀರಿ ನಿಧಾನವಾಗಿ ಬಿಡುತ್ತದೆ, ಅದನ್ನು ಹಿಡಿಯಲು ಸರಿಯಾದ ಮಟ್ಟಕ್ಕೆ ತೋಡಿದರೆ ಸಾಕು. ಅದರ ಹತ್ತಿರ ಸಿಡಿಮದ್ದಿನ ಮನೆ, ತೆಂಕಿಗೆ ಬಾಯಿ ತೆರೆಯುವ ಸುರಂಗ, ಉತ್ಖನನದಲ್ಲಿ ಹೊರಬಂದ ಕಟ್ಟಡಗಳ ಪಾಯಗಳು. ಪಾಯಗಳ ಮೇಲೆ ಹತ್ತಿ ನಡೆಯುವವರನ್ನು ನೋಡಿದರೆ ಬೇಸರವಾಗುತ್ತದೆ. ಆ ಮೊಣಕಾಲೆತ್ತರದ ಸಾಲುಗಳಷ್ಟೇ ಇಲ್ಲಿ ಜನ ಬಾಳಿದ್ದರು ಎಂಬುದಕ್ಕೆ ಉಳಿದಿರುವ ಗುರುತು.

ವೀಕ್ಷಣಾ ಬುರುಜನ್ನು ಕೊನೆಗೆ ಇಟ್ಟುಕೊಳ್ಳಿ. ಟಿಪ್ಪುವಿನ ಕಾಲದ್ದೆಂದು ಹೇಳುವ ಇದಕ್ಕೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ ಇದೆ. ಫಿರಂಗಿ, ಮದ್ದು ಎಳೆದೊಯ್ಯಲು ಬೇಕಾದದ್ದು ಅದೇ. ವಯಸ್ಸಾದವರೂ ನಿಧಾನವಾಗಿ ಏರಬಹುದು. ಮೇಲೆ ನಿಂತರೆ ಬಡಗಿಗೆ ಉದುಮ, ಕೋಟಿಕುಳದ ತೀರ, ತೆಂಕಿಗೆ ಪಳ್ಳಿಕೆರೆ, ಇನ್ನೂ ಆಚೆ ಕಾಞಂಗಾಡಿನ ತೆಂಗಿನ ತೋಟಗಳು. ಗೋಡೆ ಸುತ್ತಿ ಬಂದವರಿಗೆ ಇಲ್ಲಿಂದ ಇಡೀ ಕೋಟೆ ನಕ್ಷೆಯ ಹಾಗೆ ತೆರೆದುಕೊಳ್ಳುತ್ತದೆ. ಮೊದಲೇ ಇಲ್ಲಿಗೆ ಬಂದವರಿಗೆ ಅದು ಬರೀ ನೋಟ.

ಒಳಗೆ ನೆರಳು ಬಹಳ ಕಡಿಮೆ. ತಲೆಗೊಂದು ಟೊಪ್ಪಿ, ತಲಾ ಒಂದು ಲೀಟರ್ ನೀರು, ಹಿಡಿತವಿರುವ ಅಡಿಯ ಚಪ್ಪಲಿ ಇಷ್ಟಿದ್ದರೆ ಸಾಕು. ಮಾರ್ಚ್‌ನಿಂದ ಮೇವರೆಗೆ ಹನ್ನೊಂದು ಗಂಟೆ ಕಳೆದ ಮೇಲೆ ಕಲ್ಲು ಬಿಸಿಯನ್ನು ಉಗುಳತೊಡಗುತ್ತದೆ, ಕಡಲಗಾಳಿ ಇದ್ದರೂ ಸೆಕೆ ತಗ್ಗುವುದಿಲ್ಲ. ಡ್ರೋನ್ ಹಾರಿಸಲು ಇಲಾಖೆಯ ಮುಂಗಡ ಅನುಮತಿ ಬೇಕು.

ಸೂರ್ಯಾಸ್ತದ ವಿಷಯದಲ್ಲಿ ಹಲವರು ನಿರಾಶರಾಗುತ್ತಾರೆ. ಸಂಜೆ 5:30ರ ಹೊತ್ತಿಗೆ ಟಿಕೇಟು ನಿಲ್ಲುತ್ತದೆ, ಆಮೇಲೆ ಒಳಗಿದ್ದವರನ್ನು ಹೊರಡಿಸುತ್ತಾರೆ. ಇಲ್ಲಿ ಸೂರ್ಯ ಮುಳುಗುವುದು ಡಿಸೆಂಬರ್ ಆರಂಭದಲ್ಲಿ ಆರರ ಸುಮಾರಿಗೆ, ಮೇ ಕೊನೆಗೆ ಆರೂಮುಕ್ಕಾಲರ ಸುಮಾರಿಗೆ. ಆದ್ದರಿಂದ ಕೋಟೆಯ ಮೇಲಿಂದ ಸೂರ್ಯಾಸ್ತ ನೋಡುತ್ತೇವೆಂಬ ಆಸೆ ಬಿಟ್ಟು, ಐದಕ್ಕೇ ಹೊರಬಂದು ಸುಮಾರು 1 ಕಿ.ಮೀ. ದೂರದ ಪಳ್ಳಿಕೆರೆ ಕಡಲಕಿನಾರೆಗೆ ಹೋಗಿ. ಅಲ್ಲಿಂದ ಕೋಟೆಯನ್ನೇ ನೋಡುತ್ತ ಕುಳಿತುಕೊಳ್ಳಬಹುದು, ಮಕ್ಕಳಿಗೆ ಆಟದ ಜಾಗವಿದೆ, ಚಾ ತಿಂಡಿಯೂ ಸಿಗುತ್ತದೆ. ಜನಜಂಗುಳಿ ಬೇಡದವರಿಗೆ ಉದುಮ ಹತ್ತಿರದ ಕಾಪ್ಪಿಲ್ ತೀರ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಿಯೂ ನೀರಿಗಿಳಿಯಬೇಡಿ. ಸೆಳೆತ ದಡದ ಹತ್ತಿರವೇ ಇರುತ್ತದೆ.

ಅದೇ ರಸ್ತೆಯಲ್ಲಿ ಬೇಕಲಕ್ಕೆ ಸ್ವಲ್ಪ ಮೊದಲು ತೃಕ್ಕಣ್ಣಾಡಿನ ತ್ರ್ಯಂಬಕೇಶ್ವರ ದೇವಸ್ಥಾನ ಕಡಲ ಎದುರಿಗೇ ಇದೆ. ಜುಲೈ–ಆಗಸ್ಟ್ ಹೊತ್ತಿಗೆ ಬರುವ ಆಟಿ ಅಮಾವಾಸ್ಯೆಯಂದು ಪಿತೃತರ್ಪಣಕ್ಕೆ ಇಲ್ಲಿ ನೆರೆಯುವ ಜನದಿಂದ ರಸ್ತೆಯಲ್ಲಿ ವಾಹನ ಮುಂದೆ ಸಾಗುವುದೇ ಕಷ್ಟ. ಕೋಟೆ ನೋಡಲು ಆ ದಿನ ಆರಿಸಿಕೊಳ್ಳಬೇಡಿ. ಹೊಸದುರ್ಗದ ಕೋಟೆಯಲ್ಲಿ ಪೇಟೆಯ ನಡುವೆ ಕೆಲವು ಬುರುಜುಗಳು ಉಳಿದಿವೆ. ಕಾಞಂಗಾಡಿನವರೆಗೆ ಹೋದವರು ಕೋಟೆಗಿಂತಲೂ ನಿತ್ಯಾನಂದ ಆಶ್ರಮದ ಗುಹೆಗಳನ್ನು ನೋಡಿದರೆ ಚೆನ್ನ. ಅವೂ ಮುರಕಲ್ಲಿನ ಗುಡ್ಡದಲ್ಲಿ ಕೊರೆದವು. ಬಿರುಬೇಸಗೆಯಲ್ಲೂ ಒಳಗೆ ತಣ್ಣಗೆ. ಸ್ವಾಮಿ ರಾಮದಾಸರು 1931ರಲ್ಲಿ ಸ್ಥಾಪಿಸಿದ ಆನಂದಾಶ್ರಮವೂ ಈ ಊರಿನದ್ದೇ.

ಎರಡನೆಯ ದಿನ ಬಡಗಿಗೆ ತಿರುಗಿ. ಒಂದೇ ಬೆಳಿಗ್ಗೆ ಮಧೂರು, ಅನಂತಪುರ, ಕುಂಬಳೆ ಮೂರನ್ನೂ ನೋಡಬಹುದು, ಆದರೆ ಸಾಲು ತಪ್ಪಿದರೆ ಕೆಡುತ್ತದೆ. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಗೆ. ಏಳಕ್ಕೆ ಮಧೂರು, ಒಂಬತ್ತೂವರೆಯ ಒಳಗೆ ಅನಂತಪುರ, ಕೊನೆಗೆ ಕುಂಬಳೆ, ಇದೇ ಸರಿಯಾದ ಕ್ರಮ. ಹೆಚ್ಚಿನ ಕಡೆ ಒಳಾಂಗಣಕ್ಕೆ ಹೋಗುವಾಗ ಗಂಡಸರು ಅಂಗಿ, ಬನಿಯನ್ ತೆಗೆಯಬೇಕಾಗುತ್ತದೆ. ಪಂಚೆ ಉಟ್ಟು ಹೋದರೆ ಸುಲಭ.

ಮಧೂರು ಕಾಸರಗೋಡಿನಿಂದ 8 ಕಿ.ಮೀ., ಮಧುವಾಹಿನಿಯ ದಡದಲ್ಲಿ. ಎಲ್ಲರೂ ಗಣಪತಿಯ ಕ್ಷೇತ್ರವೆಂದು ಬರುತ್ತಾರೆ, ಆದರೆ ಮೂಲದೇವರು ಮದನಂತೇಶ್ವರ, ಅಂದರೆ ಶಿವ. ಮದರು ಎಂಬ ಮೊಗೇರ ಹೆಂಗಸಿಗೆ ಲಿಂಗ ಸಿಕ್ಕಿತೆಂದೂ, ಊರಿನ ಹೆಸರು ಅವಳಿಂದ ಬಂತೆಂದೂ ಐತಿಹ್ಯ. ಗಣಪತಿ ಆಮೇಲೆ ಹುಡುಗನೊಬ್ಬ ಆಟಕ್ಕೆ ಗೋಡೆಯ ಮೇಲೆ ಬರೆದ ಚಿತ್ರದಿಂದ ಮೂಡಿದವನು. ಗರ್ಭಗುಡಿಯ ಹಿಂಬದಿಗೆ ಹೋಗಿ ನಿಂತು ಮಾಡನ್ನು (ಛಾವಣಿಯನ್ನು) ನೋಡಿ: ಮೂರು ನೆಲೆ, ಆನೆಯ ಬೆನ್ನಿನ ಹಾಗೆ ದುಂಡಗೆ ತಿರುಗಿದ ಗಜಪೃಷ್ಠ, ಮೇಲೆ ತಾಮ್ರದ ಹೊದಿಕೆ. ಎದುರಿನಿಂದ ಮಾತ್ರ ನೋಡಿ ಹೊರಟವರಿಗೆ ಇದು ಕಾಣುವುದೇ ಇಲ್ಲ. ಇಲ್ಲಿನ ಪ್ರಸಾದ ಅಪ್ಪ. ಅಕ್ಕಿ, ಬೆಲ್ಲ, ಬಾಳೆಹಣ್ಣು, ತೆಂಗು ಸೇರಿಸಿ ಗುಳಿಯ ಕಾವಲಿಯಲ್ಲಿ ತುಪ್ಪದಲ್ಲಿ ಬೇಯಿಸಿದ್ದು. ಸಾವಿರ ಅಪ್ಪದ ಸಹಸ್ರಾಪ್ಪ ಸೇವೆಗೆ ಮೊದಲೇ ಬರೆಸಬೇಕು. ಗಣಪತಿಯನ್ನೇ ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ ದಶಕಗಳಿಗೊಮ್ಮೆ ನಡೆಯುವಂಥದ್ದು.

ಅನಂತಪುರಕ್ಕೆ ಕುಂಬಳೆ–ಬದಿಯಡ್ಕ ರಸ್ತೆಯ ನಾಯ್ಕಾಪಿನಲ್ಲಿ ತಿರುಗಬೇಕು. ಬಸ್ಸಿನಲ್ಲಿ ಬಂದವರು ಅಲ್ಲಿಂದ ರಿಕ್ಷಾ ಹಿಡಿಯಬಹುದು. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನವೆಂದು ನಂಬುವ ಈ ಗುಡಿ ಮುರಕಲ್ಲಿನ ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ನಡುವೆ ತೋಡಿದ ಚೌಕಾಕಾರದ ಕೆರೆಯೊಳಗೆ ನಿಂತಿದೆ. ಒಂದು ಕಿರುಸೇತುವೆಯಷ್ಟೇ ದಾರಿ. ಮೊದಲು ಮೇಲಿನ ಅಂಚಿನಿಂದ ಇಡೀ ಕೆರೆಯನ್ನು ನೋಡಿ, ಆಮೇಲೆ ಇಳಿಯಿರಿ. ಸುತ್ತ ಒಂದು ಹುಲ್ಲೂ ಒಣಗುವ ಏಪ್ರಿಲ್‌ನಲ್ಲೂ ಕೆರೆಯಲ್ಲಿ ನೀರಿರುತ್ತದೆ. ಬೇಕಲದ ಕೆರೆಯ ಬಗ್ಗೆ ಹೇಳಿದ ಮಾತೇ ಇಲ್ಲಿಗೂ. ಒಳಗಿನ ಮೂರ್ತಿ ಕಟುಶರ್ಕರ ಪಾಕದ್ದು: ಮಣ್ಣು, ಅಂಟು, ಗಿಡಮೂಲಿಕೆ ಎಂದು 70ಕ್ಕಿಂತ ಹೆಚ್ಚು ವಸ್ತುಗಳನ್ನು ಪಾಕ ಮಾಡಿ ಕಟ್ಟುವ ಹಳೆಯ ವಿಧಾನ. ಅಂಥ ಮೂರ್ತಿಗೆ ನೀರಿನ ಅಭಿಷೇಕ ಆಗದು, ಕರಗಿಹೋಗುತ್ತದೆ. ಕೆರೆಯ ಮೊಸಳೆ ಬಬಿಯ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ನೈವೇದ್ಯದ ಅನ್ನ ತಿನ್ನುತ್ತಿದ್ದ ಅದರ ಹೆಸರು ಕೇಳದವರು ಈ ಭಾಗದಲ್ಲಿಲ್ಲ. ಮರುವರ್ಷ ನವೆಂಬರ್‌ನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಮೊಸಳೆ ಕಾಣಬೇಕೆಂದು ನೀರಿಗೆ ಕಲ್ಲೆಸೆಯುವುದು, ಸೇತುವೆಯಿಂದ ಬಗ್ಗುವುದು ಎರಡೂ ಬೇಡ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಂದವರಿಗೆ ಪದವಿನಲ್ಲಿ ಇನ್ನೊಂದು ಭಾಗ್ಯವಿದೆ. ತೇವದ ಕಲ್ಲಿನ ಮೇಲೆ ಪುಟ್ಟ ನೀಲಿ ಹೂಗಳು ಹಾಸಿಕೊಳ್ಳುತ್ತವೆ. ಮಲಯಾಳದಲ್ಲಿ ಕಾಕ್ಕಪ್ಪೂ ಎನ್ನುವ ಇವು ಕೀಟ ಹಿಡಿದು ತಿನ್ನುವ ಜಾತಿಯವು. ಮುರಕಲ್ಲಿನ ತೆಳು ಮಣ್ಣಿನಲ್ಲಿ ಸಿಗದ ಸಾರವನ್ನು ಹಾಗೆ ಪಡೆಯುತ್ತವೆ. ಬರಿಗಾಲಲ್ಲಾದರೂ ಅವನ್ನು ತುಳಿಯದೆ ನಡೆಯಿರಿ.

ಕುಂಬಳೆಯಲ್ಲಿ ಕಣಿಪುರ ಗೋಪಾಲಕೃಷ್ಣ ದೇವಸ್ಥಾನ, ಹೆದ್ದಾರಿ ಬದಿಯ ಆರಿಕ್ಕಾಡಿ ಕೋಟೆ ಮತ್ತು ಅದರೊಳಗಿನ ಹನುಮನ ಗುಡಿ. ತೆಂಕುತಿಟ್ಟಿನ ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರಿದು, ಆದ್ದರಿಂದ ಆಟ ನೋಡದೆ ಕಾಸರಗೋಡಿನಿಂದ ಹೋಗುವುದು ಸರಿಯಲ್ಲ. ದೀಪಾವಳಿಯ ನಂತರ ಮೇಳಗಳು ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ 24ರ ಸುಮಾರಿಗೆ, ಗದ್ದೆಯಲ್ಲೋ ದೇವಸ್ಥಾನದ ಅಂಗಳದಲ್ಲೋ ಆಟ ಸಿಗುತ್ತದೆ. ನೇಮ, ಕೋಲಗಳೂ ಪತ್ತನಾಜೆಗೆ ನಿಲ್ಲುತ್ತವೆ. ಹೊಳೆಯ ತೆಂಕಿಗೆ ತೆಯ್ಯಂ ಕಾಲ ಶುರುವಾಗುವುದು ತುಲಾ ಮಾಸದ ಹತ್ತಕ್ಕೆ, ಅಕ್ಟೋಬರ್ ಕೊನೆಯಲ್ಲಿ. ತೆಯ್ಯಂ ನೋಡುವಾಗ ಅದರ ಓಟದ ದಾರಿಗೆ ಅಡ್ಡ ನಿಲ್ಲಬಾರದು, ಮುಖಕ್ಕೆ ಫ್ಲ್ಯಾಶ್ ಹೊಡೆಯಬಾರದು, ಮೈಗೆ ಕಟ್ಟಿಕೊಂಡ ದೊಡ್ಡ ಅಲಂಕಾರವಾದ ಅಣಿಯ ಹತ್ತಿರ ಹೋಗಬಾರದು. ಬೆಂಕಿಯಿರುವ ತೆಯ್ಯಂಗಳಲ್ಲಿ ಇದು ಜೀವದ ಪ್ರಶ್ನೆ. ಆಟದ ಕಾಲವಲ್ಲದಾಗ ಬಂದವರು ಕಾಸರಗೋಡಿನ ಪಿಲಿಕುಂಜೆಯಲ್ಲಿ ಯಕ್ಷಗಾನ ಬೊಂಬೆಯಾಟದವರ ಬೊಂಬೆಮನೆಯನ್ನಾದರೂ ನೋಡಬಹುದು.

ಪೇಟೆಯೊಳಗೆ ಅರ್ಧ ದಿನ ಇಟ್ಟುಕೊಳ್ಳಿ. ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಈ ಕರಾವಳಿಯ ಅತಿ ಹಳೆಯ ಮಸೀದಿಗಳ ಸಾಲಿನದು; ಶುಕ್ರವಾರ ನಡುಹಗಲಿನ ಜುಮಾ ಹೊತ್ತು ಬಿಟ್ಟು ಹೋಗಿ, ಮೈ ಮುಚ್ಚುವ ಉಡುಪಿರಲಿ. ಕೈಹೊಲಿಗೆಯ ತಳಂಗರೆ ಟೊಪ್ಪಿ ಈಗ ಅಪರೂಪವಾಗುತ್ತಿದೆ, ಕಂಡರೆ ಕೊಳ್ಳಿ. ಕಾಸರಗೋಡು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹತ್ತಿಯ ಕೈಮಗ್ಗದ ಸೀರೆ, ಅಂಚಿನ ಬಣ್ಣ ಒಡಲಿಗೆ ಎದ್ದು ಕಾಣುವಂಥದ್ದು. ವಿದ್ಯಾನಗರದ ನೇಕಾರರ ಸಹಕಾರ ಸಂಘದಲ್ಲೇ ಕೊಳ್ಳುವುದು ಮೇಲು, ಮಗ್ಗ ನಡೆಯುವುದನ್ನೂ ನೋಡಬಹುದು. ಕೃಷಿಕರಾದರೆ ಕೂಡ್ಲುವಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಗೆ ಹೋಗದೆ ಇರಲಾರಿರಿ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು ಅದು. ತೆಂಗು, ಅಡಿಕೆಯ ಸಸಿ ಬೇಕಾದವರು ಮೊದಲೇ ವಿಚಾರಿಸಿ ಹೋಗಬೇಕು, ಬಂದ ದಿನವೇ ಸಿಗುವುದು ಕಡಿಮೆ. ಚೆರ್ಕಳದಾಚೆ ಎಡನೀರು ಮಠವಿದೆ. ಸಂವಿಧಾನದ ಮೂಲಸ್ವರೂಪವನ್ನು ತಿದ್ದಲಾಗದು ಎಂದು 1973ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿಗೆ ಯಾರ ಹೆಸರಿದೆಯೋ ಆ ಕೇಶವಾನಂದ ಭಾರತೀ ಸ್ವಾಮಿಗಳು ಇದ್ದದ್ದು ಇಲ್ಲೇ. ಕಾನೂನು ಓದುವ ಮಕ್ಕಳಿದ್ದರೆ ಕರೆದೊಯ್ಯಿರಿ.

ಊಟಕ್ಕೆ ಪತ್ತಿರಿ, ಕಲ್ತಪ್ಪ, ನೀರುದೋಸೆ ಎಲ್ಲ ಒಂದೇ ಬೀದಿಯಲ್ಲಿ ಸಿಗುವ ಊರು ಇದು. ಮೀನಿನ ಆಸೆಯಿಂದ ಬರುವವರು ಜೂನ್, ಜುಲೈ ತಪ್ಪಿಸಿ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿರುತ್ತದೆ, ಸಿಕ್ಕ ಮೀನಿಗೆ ಬೆಲೆ ಹೆಚ್ಚು. ಬೂತಾಯಿ, ಬಂಗುಡೆಗೆ ಮಳೆ ನಿಂತ ಮೇಲಿನ ತಿಂಗಳುಗಳೇ ಸರಿ.

ಬರುವ ದಾರಿಯ ಬಗ್ಗೆ ಸ್ವಲ್ಪ. ಮಂಗಳೂರಿನಿಂದ ಕಾಸರಗೋಡು ಸುಮಾರು 50 ಕಿ.ಮೀ., ತಲಪಾಡಿ ದಾಟುವ ಬಸ್ಸುಗಳಿಗೆ ಕೊರತೆಯಿಲ್ಲ. ಕರ್ನಾಟಕದ ಮಹಿಳೆಯರ ಉಚಿತ ಟಿಕೇಟು ಅಂತಾರಾಜ್ಯ ಬಸ್ಸಿನಲ್ಲಿ ನಡೆಯುವುದಿಲ್ಲ, ಹಣ ಕೈಯಲ್ಲಿರಲಿ. ನೇರ ಕೋಟೆಗೇ ಹೋಗುವವರಿಗೆ ರೈಲು ಒಳ್ಳೆಯದು: ಬೇಕಲ್ ಫೋರ್ಟ್ ಎಂಬ ಸಣ್ಣ ನಿಲ್ದಾಣವಿದೆ, ಅಲ್ಲಿಂದ ಕೋಟೆ ನಡೆದು ಹೋಗುವಷ್ಟೇ ದೂರ. ಆದರೆ ನಿಲ್ಲುವುದು ಹೆಚ್ಚಾಗಿ ಪ್ಯಾಸೆಂಜರ್ ಗಾಡಿಗಳು. ಎಕ್ಸ್‌ಪ್ರೆಸ್ಸಿನಲ್ಲಿ ಬಂದವರು ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿಯಬೇಕು. ಸ್ವಂತ ವಾಹನದವರು ಷಟ್ಪಥ ಹೆದ್ದಾರಿಯಲ್ಲಿ ಕುಂಬಳೆಗೆ ಬಹಳ ಮೊದಲೇ ಸರ್ವೀಸ್ ರಸ್ತೆಗೆ ಇಳಿಯಿರಿ. ಒಮ್ಮೆ ತಪ್ಪಿದರೆ ಮುಂದಿನ ತಿರುವಿನವರೆಗೆ ಹೋಗಿ ಅಡಿಸೇತುವೆಯಲ್ಲಿ ಹಿಂದಿರುಗಬೇಕು. ಕೇರಳದಲ್ಲಿ ಹರತಾಳವಿದ್ದರೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಬಸ್ಸು, ಹೋಟೆಲು ಎರಡೂ ಇರುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಸುದ್ದಿ ನೋಡಿ.

ಇನ್ನೂ ಒಂದು ದಿನ ಉಳಿಯುವವರು ಒಳನಾಡಿನ ಬಾಯಾರು, ಪೆರ್ಲ, ಎಣ್ಮಕಜೆ ಕಡೆ ಹೋಗಿ ನೀರಿನ ಸುರಂಗ ನೋಡಬೇಕು. ಗುಡ್ಡದ ಬದಿಗೆ ಮಟ್ಟಸವಾಗಿ, ಒಬ್ಬ ಬಗ್ಗಿ ಅಗೆಯುವಷ್ಟು ಅಗಲಕ್ಕೆ ಕೊರೆದ ದಾರಿ. ಉದ್ದದ ಲೆಕ್ಕ ಕೋಲಿನಲ್ಲಿ, ಒಂದು ಕೋಲು ಸುಮಾರು ಎರಡೂವರೆ ಅಡಿ. ನೀರಿನ ಸೆಲೆ ಸಿಗುವವರೆಗೆ ಅಗೆಯುತ್ತಾರೆ. ಒಳಗೆ ಉರಿಯುವ ಮೊಂಬತ್ತಿ ಆರತೊಡಗಿದರೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಾರೆ. ಸಿಕ್ಕ ನೀರು ಪಂಪಿಲ್ಲದೆ, ಕರೆಂಟಿಲ್ಲದೆ ತಾನಾಗಿ ಹರಿದು ಅಂಗಳದ ಟ್ಯಾಂಕಿಗೆ ಬರುತ್ತದೆ. ಇವೆಲ್ಲ ಮನೆಯವರ ಸ್ವಂತ ಆಸ್ತಿ, ಕುಡಿಯುವ ನೀರು. ಅಂಗಳದಲ್ಲಿ ನಿಂತು ಕರೆದು, ಒಪ್ಪಿಗೆ ಕೇಳಿ, ಚಪ್ಪಲಿ ಬಿಟ್ಟು ಬಾಯಿಯವರೆಗೆ ಮಾತ್ರ ಹೋಗಿ. ಬಾವಲಿ, ಹಾವು ಇರಬಹುದಾದ್ದರಿಂದ ಮನೆಯವರು ಮುಂದೆ ನಡೆಯದೆ ಒಳಗೆ ಕಾಲಿಡಬೇಡಿ.